ಅಂಬುಜಮ್ಮನ ಮನೆಗೆ ಬಂದ ಕಚೇರಿ

ನಮ್ಮೂರಿನಲ್ಲಿ ಗಂಡಸರು ಐವತ್ತೆಂಟು ತುಂಬಿದ ದಿನ ಪೊರಕೆ ಕೊಳ್ಳುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿ ಒಂದು ಕಡ್ಡಿ ಎತ್ತಿ ಆಚೆ ಹಾಕದವರೂ ಅವತ್ತು ಬೆಳಿಗ್ಗೆ ಸ್ನಾನ ಮಾಡಿ, ಸಂತೆಬೀದಿಗೆ ಹೋಗಿ, ತೆಂಗಿನ ಕಡ್ಡಿಯದೊಂದು ಹುಲ್ಲಿನದೊಂದು ಪೊರಕೆ ಕಂಕುಳಲ್ಲಿಟ್ಟುಕೊಂಡು ಬರುತ್ತಾರೆ. ಎದುರಿಗೆ ಸಿಕ್ಕವರು ನಗುವುದಿಲ್ಲ. ಏಕೆಂದರೆ ನಮ್ಮೂರಿನಲ್ಲಿ ಎಪ್ಪತ್ತು ದಾಟಿದವರಿಗೆ ಮನೆಯ ಹೊಸ್ತಿಲಿನಿಂದಾಚೆ ದನಿ ಬರುವುದಿಲ್ಲ. ಒಳಗಾದರೂ ಬರಬೇಕಾದರೆ ಆ ಮನೆಯ ನೆಲವನ್ನು ಹನ್ನೆರಡು ವರ್ಷ ಕೈಯಾರೆ ಗುಡಿಸಿರಬೇಕು, ಆಮೇಲೂ ದಿನಾ ಗುಡಿಸುತ್ತಿರಬೇಕು. ಬೇರೆ ಯಾರಾದರೂ ಗುಡಿಸಿದರೆ, ತಾವು ಮತ್ತೆ ಗುಡಿಸುವ ತನಕ ಮಾತು ನಿಂತಂತೆಯೇ. ಇದು ಯಾಕೆ ಹೀಗೆ ಎಂದು ಕೇಳುವ ಚಾಳಿ ನಮ್ಮಲ್ಲಿಲ್ಲ. ಹೆಂಗಸರಿಗೆ ಇದರಿಂದ ಅಂಥ ತೊಂದರೆಯೇನೂ ಆಗಲಿಲ್ಲ, ಅವರು ಮೊದಲಿನಿಂದಲೂ ಗುಡಿಸುತ್ತಲೇ ಇದ್ದವರು. ಎಪ್ಪತ್ತರ ಮೇಲೆ ನಮ್ಮೂರಿನ ಮನೆಗಳಲ್ಲಿ ಗಂಡನ ದನಿ ಹೆಚ್ಚು ಕೇಳಿಸುತ್ತದೋ ಹೆಂಡತಿಯದೋ ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಊರು ಇದಕ್ಕೆ ಒಗ್ಗಿಕೊಂಡಿತ್ತು. ತರಕಾರಿಯವರು ವಯಸ್ಸಾದವರ ನಡುಮನೆಗೇ ಬುಟ್ಟಿ ತಂದು ಇಳಿಸುತ್ತಿದ್ದರು, ಚೌಕಾಸಿಯಿಲ್ಲದ ವ್ಯಾಪಾರ ಅವರಿಗೂ ರುಚಿಸುತ್ತಿರಲಿಲ್ಲ. ಮದುವೆ ಛತ್ರದಲ್ಲಿ ನಡೆದರೂ ಆಶೀರ್ವಾದಕ್ಕೆ ಮದುಮಕ್ಕಳು ಅಜ್ಜಿಯ ಅಡುಗೆಮನೆಗೇ ಬರುತ್ತಿದ್ದರು. ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಎಲ್ಲಿ ನೋವು ಎಂದು ಕೇಳುತ್ತಿರಲಿಲ್ಲ, ಸಂಜೆ ಮನೆಗೆ ಬಂದು ಕೇಳುತ್ತಿದ್ದರು. ಬೀದಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಹಳೆಯ ಜಗಳಗಳು, ಎಪ್ಪತ್ತಾದ ಮೇಲೆ ಎದುರುಬದುರು ನಿಂತು ಬರಿದೇ ಕೈಬೀಸಿ ತಣ್ಣಗಾದದ್ದನ್ನು ನಾನೇ ಕಂಡಿದ್ದೇನೆ.

ಒಗ್ಗಿಕೊಳ್ಳದೆ ಉಳಿದದ್ದು ನಮ್ಮ ಕಚೇರಿಯೊಂದೇ. ನಾನು, ಶಂಭುಲಿಂಗಯ್ಯ, ಹಿರಿಯರ ಇಲಾಖೆಯಲ್ಲಿ ಗುಮಾಸ್ತನಾಗಿದ್ದೆ. ಒಬ್ಬರೇ ಇದ್ದು ನಿಭಾಯಿಸಲಾಗದ ಮುದುಕರನ್ನು ಪತ್ತೆ ಹಚ್ಚುವುದು, ಅವರಿಗೆ ನೋಟೀಸು ಓದಿ ಹೇಳುವುದು, ಜೀಪಿನಲ್ಲಿ ಕೂರಿಸಿಕೊಂಡು ಗುಡ್ಡದ ಮೇಲಿನ ಸರ್ಕಾರಿ ಆಶ್ರಯಕ್ಕೆ ಬಿಟ್ಟು ಬರುವುದು ನನ್ನ ಕೆಲಸ. ಆಶ್ರಯದ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಹೊತ್ತಿಗೆ ಸರಿಯಾಗಿ ಅನ್ನ, ಬಿಸಿನೀರು, ಒಗೆದ ಹಾಸಿಗೆ, ಎಲ್ಲ ಇತ್ತು. ಮುದುಕರಿಗೆ ಕೆಲಸ ಹಚ್ಚಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಅಲ್ಲಿ ಅವರ ಕೈಗೆ ಪೊರಕೆ ಕೊಡುತ್ತಿರಲಿಲ್ಲ. ಕೊಟ್ಟರೂ ಹನ್ನೆರಡು ವರ್ಷ ಕಾಯುವ ಆಯಸ್ಸು ಎಷ್ಟು ಜನರಿಗಿತ್ತು? ನೂರಾ ನಲವತ್ತು ಜನ ಸ್ಲೇಟು ಹಿಡಿದು ಕೂತಿರುತ್ತಿದ್ದರು. ಊಟದ ಹೊತ್ತಿನಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಹಾಗಾಗಿ ಆ ಜನರ ಕೊನೆಯ ಮಾತು ಕೇಳುತ್ತಿದ್ದವನು ನಾನು. ಹೊಸ್ತಿಲು ದಾಟುವ ಮುಂಚೆ ಏನೋ ದೊಡ್ಡ ಮಾತು ಹೇಳುತ್ತಾರೆ ಎಂದು ನೌಕರಿಯ ಮೊದಲ ವರ್ಷ ಅಂದುಕೊಂಡಿದ್ದೆ. "ನಾಳೆಯಿಂದ ಹಾಲು ಬೇಡ ಅಂತ ಹೇಳ್ಬಿಡಿ" ಎಂದವರುಂಟು. "ಸ್ಟೌವ್ ಆರಿಸಿದ್ನಾ?" ಎಂದವರುಂಟು. ಒಬ್ಬರು "ಸ್ವಲ್ಪ ತಾಳಿ" ಎಂದರು, ಅಷ್ಟೇ. ನನಗೆ ಆಗ ಏನೂ ಅನಿಸುತ್ತಿರಲಿಲ್ಲ ಎಂದರೆ ಸುಳ್ಳು. ಅನಿಸಿದ್ದನ್ನು ಲಾಡ್ಜಿನ ರೂಮಿಗೆ ಬಂದು ಮಲಗಿ ಕಳೆಯುತ್ತಿದ್ದೆ. ಹೌದು, ನಾನು ಮದುವೆಯಾಗದೆ ಲಾಡ್ಜಿನಲ್ಲಿದ್ದವನು. ನೆಲ ಗುಡಿಸಲು ಲಾಡ್ಜಿನದೇ ಜನರಿದ್ದರು. ಐವತ್ತೇಳಾಗಿದ್ದರೂ ಪೊರಕೆಯ ಯೋಚನೆ ಇರಲಿಲ್ಲ. ಮಾತಾಡಿ ನಾನು ಯಾವ ರಾಜ್ಯ ಗೆಲ್ಲಬೇಕು ಎಂದು ಚೇಷ್ಟೆ ಮಾಡುತ್ತಿದ್ದೆ.

ಆ ವರ್ಷ ರಾಜಧಾನಿಯಿಂದ ಹೊಸ ಕಾಯ್ದೆ ಬಂತು. ಮುದುಕರು ಬಯಸಿದರೆ ತಮ್ಮ ಮನೆಯಲ್ಲೇ ಇರಬಹುದು. ಅವರನ್ನು ನೋಡಿಕೊಳ್ಳುವವರನ್ನು ಅವರೇ ಆರಿಸಿಕೊಳ್ಳಬಹುದು, ನೆಂಟರಾದರೂ ಸರಿ ನೆರೆಯವರಾದರೂ ಸರಿ, ಆ ಕೆಲಸಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ವಾರಕ್ಕೆರಡು ಸಲ ನರ್ಸು ಬರುತ್ತಾರೆ, ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿಕೊಡುತ್ತಾರೆ. ಆ ಕಾಯ್ದೆಯನ್ನು ನಾನು ಎರಡು ಸಲ ಓದಿದೆ. ಬರೆದವರು ಯಾರೋ ಅಜ್ಜಿಯ ಕೈಯಲ್ಲಿ ಬೆಳೆದವರೇ ಇರಬೇಕು ಎನಿಸಿತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಸರ್ಕಾರದ ಕಾಗದವೊಂದನ್ನು ಓದಿ ಸಂತೋಷಪಟ್ಟದ್ದು ಅದೇ ಮೊದಲು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹದಿನಾಲ್ಕನೇ ಕಲಮಿನಲ್ಲಿ ಒಂದು ಮಾತಿತ್ತು: ಹಿರಿಯರು ಸ್ವತಃ ಕಚೇರಿಯಲ್ಲಿ ಅಧಿಕಾರಿಯ ಎದುರು ತಮ್ಮ ಇಚ್ಛೆಯನ್ನು ಬಾಯಿಮಾತಿನಲ್ಲೇ ಹೇಳಬೇಕು, ಬರವಣಿಗೆಯಾಗಲಿ ಹೆಬ್ಬೆಟ್ಟಾಗಲಿ ನಡೆಯದು. ಬೇರೆ ಊರುಗಳಲ್ಲಿ ನೆಂಟರು ಮುದುಕರ ಹೆಬ್ಬೆಟ್ಟು ಒತ್ತಿಸಿಕೊಂಡು ಮೋಸ ಮಾಡಿದ್ದರಂತೆ, ಅದಕ್ಕೆ ಈ ಎಚ್ಚರ. ಎಚ್ಚರವೇನೋ ಸರಿಯೇ. ನಮ್ಮೂರಿನ ಮುದುಕರು ಕಚೇರಿಗೆ ಬಂದರು, ಬೆಂಚಿನ ಮೇಲೆ ಕೂತರು, ಬಾಯಿ ತೆರೆದರು, ಮುಚ್ಚಿದರು, ಎದ್ದು ಹೋದರು. ನಮ್ಮ ಅಧಿಕಾರಿ ಕಾತ್ಯಾಯಿನಿ ಮೇಡಂ ಹೊರಗಿನಿಂದ ಬಂದ ಮೂವತ್ತೈದರ ಹೆಣ್ಣುಮಗಳು. ನಗುವುದು ಕಡಿಮೆ, ಕಡತದ ಮೇಲೆ ಪ್ರಾಣ. ರಾಜಧಾನಿಗೆ ಮೂರು ಸಲ ಬರೆದರು. ಮನೆಗೇ ಹೋಗಿ ಕೇಳಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಮೂರು ಸಲವೂ ಉತ್ತರ ಬಂತು. ನಾಲ್ಕನೆಯ ಕಾಗದವನ್ನು ರಾಜಧಾನಿಯವರೇ ಕಳಿಸಿದರು: ಐದು ತಿಂಗಳಾದರೂ ನಿಮ್ಮಲ್ಲಿ ಒಂದೂ ಮಂಜೂರಾತಿಯಿಲ್ಲ, ಬೇಡಿಕೆಯಿಲ್ಲವೆಂದು ಭಾವಿಸಲಾಗಿದೆ, ಈ ತಿಂಗಳ ಮೂವತ್ತೊಂದರ ಸಂಜೆ ಐದೂವರೆಯೊಳಗೆ ಒಂದಾದರೂ ಬಾರದಿದ್ದರೆ ಯೋಜನೆಯನ್ನು ನಿಮ್ಮ ಊರಿನಿಂದ ಹಿಂಪಡೆಯಲಾಗುವುದು.

ಅಂದು ಇಪ್ಪತ್ತೊಂಬತ್ತು. ಒಂದನೇ ತಾರೀಖು ಗುಡ್ಡಕ್ಕೆ ಹೋಗಬೇಕಾದವರ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಅಂಬುಜಮ್ಮ. ನೋಟೀಸು ಓದಿ ಹೇಳಲು ನಾನು ಬಸ್ ಸ್ಟ್ಯಾಂಡಿನ ಹಿಂದಿನ ವಠಾರಕ್ಕೆ ಹೋದೆ.

ಅಂಬುಜಮ್ಮನನ್ನು ನಮ್ಮೂರಿನಲ್ಲಿ ನೋಡಿದವರಿಗಿಂತ ಕೇಳಿದವರು ಹೆಚ್ಚು. ನಲವತ್ತು ವರ್ಷ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಎಲ್ಲಿಗೆ ಹೊರಡುತ್ತದೆ ಎಂದು ಕೂಗಿದವರು. ನಿವೃತ್ತಿಯಾದ ಮೇಲೂ ಅಂಥ ದನಿ ಬೇರೆ ಸಿಗದೆ ದಿನಗೂಲಿಯ ಮೇಲೆ ಉಳಿಸಿಕೊಂಡಿದ್ದರು. ಎಪ್ಪತ್ತು ತುಂಬಿದ ದಿನ "ಪ್ರಯಾಣಿಕರ ಗಮನಕ್ಕೆ, ಎರಡನೇ" ಎನ್ನುವಷ್ಟರಲ್ಲಿ ಮೈಕು ಸುಮ್ಮನಾಯಿತು. ಜನ ಬ್ಯಾಗು ಹಿಡಿದು ಬಹಳ ಹೊತ್ತು ಹಾಗೇ ನಿಂತಿದ್ದರು, ಅವರಲ್ಲಿ ನಾನೂ ಒಬ್ಬ. ಅದಾಗಿ ಆರು ವರ್ಷ. ಮೂರು ತಿಂಗಳ ಹಿಂದೆ ಅವರು ನಲ್ಲಿಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು. ನಿಲ್ಲಲು ಆಗುತ್ತಿರಲಿಲ್ಲ, ಕೂತು ತೆವಳುತ್ತಿದ್ದರು.

ನಾನು ಹೋದಾಗ ಅವರು ನೆಲದ ಮೇಲೆ ಕೂತು ಗುಡಿಸುತ್ತಿದ್ದರು. ಪೊರಕೆಯ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಗಿಡ್ಡ ಮಾಡಿದ್ದರು. ಒಂದು ಗೇಣು ಗುಡಿಸುವುದು, ಎರಡು ಕೈ ಊರಿ ಸರಿಯುವುದು, ಮತ್ತೊಂದು ಗೇಣು. ಪಕ್ಕದ ಆರನೇ ನಂಬರಿನ ಜುಲೇಖಾ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಂಬುಜಮ್ಮನಿಗೆ ಸ್ನಾನ, ತಲೆ ಬಾಚುವುದು, ತಿಂಡಿ, ಸಂಜೆ ಬಂದು ಮತ್ತೆ ಎಲ್ಲವೂ ಅವಳದೇ. ಹಗಲೆಲ್ಲ ಅಂಬುಜಮ್ಮ ಒಬ್ಬರೇ. ಆ ಹಗಲೇ ಅವರ ಹೆಸರನ್ನು ನಮ್ಮ ಪಟ್ಟಿಗೆ ಹತ್ತಿಸಿತ್ತು. ಸರ್ಕಾರದ ಸಂಬಳ ಬಂದರೆ ಕಾರ್ಖಾನೆ ಬಿಡಲು ಜುಲೇಖಾ ತಯಾರಿದ್ದಳು. ಅಂಬುಜಮ್ಮ ಕುರ್ಚಿಯಲ್ಲಿ ಎತ್ತಿಸಿಕೊಂಡು ಕಚೇರಿಗೆ ಬಂದು, ಬಾಯಿ ತೆರೆದು ಎರಡು ಸಲ ಹಿಂದಿರುಗಿದ್ದರು.

"ಎಲ್ಲ ಮಾಡ್ತೀನಿ ಸಾರ್, ಪೊರ್ಕೆ ಮಾತ್ರ ಮುಟ್ಟಲ್ಲ" ಎಂದಳು ಜುಲೇಖಾ. "ಅದೊಂದು ನೋಡ್ಕಂಡು ಸುಮ್ನೆ ನಿಲ್ಲೋದೇ ಕಷ್ಟ."

ನಾನು ನೋಟೀಸು ಓದಿದೆ. ಅಂಬುಜಮ್ಮ ಪೊರಕೆ ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದರು. ಅಳಲಿಲ್ಲ. ಹದಿನಾಲ್ಕನೇ ಕಲಮನ್ನು ಮತ್ತೊಮ್ಮೆ ಓದಿ ಎಂದರು. ಓದಿದೆ. ಆಮೇಲೆ ಕೇಳಿದರು, "ಕಚೇರೀಲಿ ಅಂತ ಇದೆಯೋ, ಇಂಥಾ ಬೀದಿಲಿರೋ ಕಚೇರೀಲಿ ಅಂತ ಇದೆಯೋ?"

ಕಚೇರಿಯಲ್ಲಿ ಎಂದಷ್ಟೇ ಇದೆ ಎಂದೆ.

"ಬಸ್ ಸ್ಟ್ಯಾಂಡ್ ರಿಪೇರಿಗೆ ತಗೊಂಡಾಗ ಒಂದೂವರೆ ವರ್ಷ ಮೈದಾನದಾಗೆ ಹೊಂಗೇಮರದ ಕೆಳಗೆ ಬೋರ್ಡ್ ನೇತಾಕಿದ್ರು. ಒಂದು ಬಸ್ಸೂ ತಪ್ಪಿ ಹಳೇ ಜಾಗಕ್ಕೆ ಹೋಗ್ಲಿಲ್ಲ. ಬೋರ್ಡ್ ಎಲ್ಲಿದ್ಯೋ ಅದೇ ಸ್ಟ್ಯಾಂಡು ಗುಮಾಸ್ತರೇ. ನಿಮ್ಮ ಮೇಡಮ್ಮೋರ್ಗೆ ಹೇಳಿ."

ನನಗೆ ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ನನ್ನ ಮೇಲೆ. ಇಪ್ಪತ್ತೇಳು ವರ್ಷ ಕಡತ ತಿಂದವನಿಗೆ ಹೊಳೆಯದ ಮಾತು ನೆಲದ ಮೇಲೆ ಕೂತ ಮುದುಕಿಗೆ ಹೊಳೆದಿತ್ತು. ಕಚೇರಿಗೆ ಮರಳಿ ಹೇಳಿದೆ, ಮೇಡಂ ಕೇಳಿದ ಕೂಡಲೇ ಇಲಾಖೆಯ ಕೈಪಿಡಿ ತರಿಸಿದರು. ಕಟ್ಟಡ ದುರಸ್ತಿಯಲ್ಲಿರುವಾಗ ಕಚೇರಿಯನ್ನು ತಾತ್ಕಾಲಿಕವಾಗಿ ಬೇರೆಡೆಗೆ ಸಾಗಿಸಲು ಅಧಿಕಾರಿಗೆ ಅಧಿಕಾರವುಂಟು, ಒಂದು ದಿನದ ಮುಂಚೆ ಬಾಗಿಲಿಗೆ ಚೀಟಿ ಅಂಟಿಸಬೇಕು. ದುರಸ್ತಿಗೆ ಏನೂ ಕೊರತೆಯಿರಲಿಲ್ಲ. ಕಡತದ ಬೀರುವಿನ ಮೇಲೆ ಸೋರುವಲ್ಲಿ ಹನ್ನೊಂದು ವರ್ಷದಿಂದ ಬಕೆಟ್ಟು ಇಟ್ಟಿದ್ದೆವು. ಮೇಡಂ ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗ.

ಮೂವತ್ತೊಂದರ ಬೆಳಿಗ್ಗೆ ಗಾರೆಯವರು ಮಾಡು ಹತ್ತಿದರು. ಬೋರ್ಡು, ಸೀಲು, ರಿಜಿಸ್ಟರು, ಮೇಜು, ಬೆಂಚು, ಗೋಡೆ ಗಡಿಯಾರ ಎಲ್ಲವನ್ನೂ ತಳ್ಳುಗಾಡಿಗೆ ಹೇರಿದೆವು. ನಮ್ಮ ಜವಾನ ಮರಿಸ್ವಾಮಿ ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಮನುಷ್ಯ, ಹೇಳಿದ ಮಾತು ಮೀರುವವನಲ್ಲ. ನಾನು ಅವನಿಗೆ ಗಟ್ಟಿಯಾಗಿ ಹೇಳಿದ್ದೆ, ಆಮೇಲೆ ಯಾರೂ ಬೆರಳು ತೋರಿಸಬಾರದು, ಕಚೇರಿಯಲ್ಲಿ ಏನೇನು ನಡೆಯುತ್ತದೋ ಅಷ್ಟೂ ಅಲ್ಲಿ ನಡೆಯಬೇಕು ಎಂದು. ಗಾಡಿಯ ಚಕ್ರ ದಾರಿಯಲ್ಲಿ ಕಳಚಿ ವಠಾರ ಮುಟ್ಟುವಾಗ ಮೂರು ಗಂಟೆಯಾಗಿತ್ತು. ಮೇಜು ಅಂಬುಜಮ್ಮನ ಐದನೇ ನಂಬರಿನ ಬಾಗಿಲಲ್ಲಿ ತೂರಲಿಲ್ಲ, ಹೊರಗೇ ಬಿಟ್ಟೆವು. ಬೋರ್ಡನ್ನು ಬಾಗಿಲ ಮೇಲಿನ ಮೊಳೆಗೆ ನಾನೇ ನೇತುಹಾಕಿ, ಮೇಡಂ ಜೊತೆ ಅಂಗಳದಲ್ಲಿ ರಿಜಿಸ್ಟರು ಜೋಡಿಸಲು ಹೋದೆ. ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು ತಗಡಿನ ಟ್ರಂಕಿನ ಮೇಲೆ ಕೂತರು. ಅಷ್ಟರಲ್ಲಿ ಜುಲೇಖಾ ಹಿತ್ತಲ ಬಚ್ಚಲಿನಲ್ಲಿ ಅಂಬುಜಮ್ಮನಿಗೆ ಸ್ನಾನ ಮಾಡಿಸಿ, ಜಡೆ ಹಾಕಿ, ನೀಲಿ ಅಂಚಿನ ಹಳೆಯ ಯೂನಿಫಾರ್ಮ್ ಸೀರೆ ಉಡಿಸಿ, ಕುರ್ಚಿಯಲ್ಲಿ ಕೂರಿಸಿ, ಇಬ್ಬರ ಕೈಯಲ್ಲಿ ಎತ್ತಿಸಿ ತಂದಳು.

ಮೇಡಂ ಹೆಸರು ಕೇಳಿದರು. ಅಂಬುಜಮ್ಮ ಬಾಯಿ ತೆರೆದರು.

ಏನೂ ಬರಲಿಲ್ಲ. ಮತ್ತೆ ತೆರೆದರು. ಬರಲಿಲ್ಲ. ಅವರು ಕೈಯನ್ನು ಗಂಟಲಿಗೆ ಒಯ್ದು ನನ್ನ ಕಡೆ ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಬೋರ್ಡು ಹಾಕಿದ್ದರಿಂದ ಇದು ಇನ್ನು ಅವರ ಮನೆಯಲ್ಲವೇ ಎಂದು ನಾನು ಬಾಗಿಲ ಕಡೆ ತಿರುಗಿದೆ. ಜುಲೇಖಾ ನೆಲ ನೋಡುತ್ತಿದ್ದಳು. ನೆಲ ಕನ್ನಡಿಯಂತಿತ್ತು.

"ಯಾರು ಗುಡ್ಸಿದ್ದು?" ಎಂದಳು.

ಮರಿಸ್ವಾಮಿ ಗೋಡೆಗೆ ಒರಗಿ ಕುಸಿದ. "ಗುಡ್ಸಿದ್ಮೇಲೇ ಸೀಲ್ ಇಡೋದು ಅಲ್ವಾ ಸಾರ್" ಎಂದ, ಅಳುವ ದನಿಯಲ್ಲಿ. ಮೂವತ್ತು ವರ್ಷದಿಂದ ದಿನಾ ಕಚೇರಿ ಗುಡಿಸಿ, ಆಮೇಲೆ ಸೀಲು ಹೊರಗೆ ತೆಗೆಯುವವನು. ಈ ಊರಿನಲ್ಲೇ ಹುಟ್ಟಿದವನು, ಮನೆಯಲ್ಲಿ ಎಪ್ಪತ್ತೆಂಟರ ತಾಯಿಯಿದ್ದವನು. ಆದರೆ ಬೋರ್ಡು ಏರಿದ ಕೂಡಲೇ ಅವನ ಪಾಲಿಗೆ ಅದು ಕಚೇರಿ. ಅವನನ್ನು ಏನೆಂದು ಬಯ್ಯಲಿ? ಕಚೇರಿಯಲ್ಲಿ ನಡೆಯುವುದೆಲ್ಲ ನಡೆಯಬೇಕು ಎಂದವನು ನಾನು. ಮಾಡಿದ್ದುಣ್ಣೋ ಮಹರಾಯ.

ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ಅಂಬುಜಮ್ಮ ಜುಲೇಖಾಳ ತೋಳು ತಟ್ಟಿ ನೆಲ ತೋರಿಸಿದರು. ಅವಳು ಅವರನ್ನು ಇಳಿಸಿ ಕೂರಿಸಿದಳು. ಮೂಲೆಯಿಂದ ಗಿಡ್ಡ ಪೊರಕೆ ತೆಗೆದುಕೊಂಡು ಅವರು ಒಂದು ಗೇಣು ಎಳೆದರು, ತಲೆಯಾಡಿಸಿದರು. ಗುಡಿಸಲು ಅಲ್ಲಿ ಕಸವೇ ಇರಲಿಲ್ಲ. ಬರಿ ನೆಲ ಕೆರೆದರೆ ನಮ್ಮೂರಿನಲ್ಲಿ ಅದು ಗುಡಿಸಿದ ಲೆಕ್ಕವಲ್ಲ. ಮರಿಸ್ವಾಮಿ ಎದ್ದು ಓಡಿದ. ವಠಾರದ ತೊಟ್ಟಿಯಿಂದ ತಾನೇ ಸುರಿದಿದ್ದ ಕಸವನ್ನು ಮೊರದಲ್ಲಿ ತುಂಬಿ ತಂದು, ದೇವರಿಗೆ ಹೂವು ಏರಿಸುವವನ ಹಾಗೆ ಕೋಣೆಯ ತುಂಬ ಚೆಲ್ಲಿದ. ಕಾತ್ಯಾಯಿನಿ ಮೇಡಂ ಪರ್ಸಿನಿಂದ ಪೆನ್ಸಿಲು ತೆಗೆದು, ಚೆನ್ನಾಗಿಯೇ ಇದ್ದ ಅದನ್ನು ಮತ್ತೆ ಮೊನೆ ಮಾಡಿ, ಸಿಪ್ಪೆಯನ್ನು ಟ್ರಂಕಿನ ಕೆಳಗೆ ಉದುರಿಸಿದರು. ಆಮೇಲೆ ಕಾಲೆರಡನ್ನೂ ಮೇಲೆತ್ತಿ ಮಡಚಿ ಕೂತು, "ಶಂಭುಲಿಂಗಯ್ಯನವರೇ, ಬರೆದುಕೊಳ್ಳಿ. ಹಿರಿಯರು ಹಾಜರಿದ್ದಾರೆ. ವಿಚಾರಣೆ ನಡೆಯುತ್ತಿದೆ" ಎಂದರು.

ಹತ್ತು ಅಡಿ, ಹನ್ನೆರಡು ಅಡಿಯ ಕೋಣೆ. ಅಂಬುಜಮ್ಮ ಅದನ್ನು ಗುಡಿಸಿದರು. ಗೇಣು ಗುಡಿಸಿ, ಕೈ ಊರಿ, ಸೊಂಟ ಎಳೆದು, ಉಸಿರು ತೆಗೆದುಕೊಂಡು, ಮತ್ತೆ ಗೇಣು. ಮಂಚದ ಕೆಳಗೆ ಅರ್ಧ ಮೈ ತೂರಿಸಿ ಗುಡಿಸಿದರು. ಹಣೆಯ ಬೆವರು ಕುಂಕುಮ ಕರಗಿಸಿ ಮೂಗಿನ ಮೇಲೆ ಇಳಿಯಿತು. ಒಂದು ಸಲ ನೋವಿಗೆ ಕಣ್ಣು ಮುಚ್ಚಿ ಹಾಗೇ ಕೂತರು. ಜುಲೇಖಾ ತಡೆಯಲಾರದೆ ಬಾಗಿ ಕೈ ಚಾಚಿದಳು. ಅಂಬುಜಮ್ಮ ಪೊರಕೆಯ ತುದಿಯಿಂದ ಅವಳ ಬೆರಳಿಗೆ ಮೆಲ್ಲಗೆ ಒಂದು ಕೊಟ್ಟರು. ಅವಳು ಕೈ ಹಿಂದಕ್ಕೆ ತೆಗೆದು, ಬೆನ್ನ ಹಿಂದೆ ಕಟ್ಟಿ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಬಹಳ ಜನ ದೊಡ್ಡವರನ್ನು ಕಂಡಿದ್ದೇನೆ, ಹಾರ ಹಾಕಿಸಿಕೊಂಡವರನ್ನು, ಭಾಷಣ ಮಾಡಿದವರನ್ನು. ಆ ಮುಕ್ಕಾಲು ಗಂಟೆ ಗುಡಿಸಿದ ಆ ಮುದುಕಿ, ಗುಡಿಸದೆ ನಿಂತ ಆ ಹೆಂಗಸು, ಇವರಿಬ್ಬರಿಗಿಂತ ದೊಡ್ಡವರನ್ನು ನಾನು ಕಾಣೆ.

ಐದು ಗಂಟೆಗೆ ಕಸ ಬಾಗಿಲಿಗೆ ಬಂತು. ಹೊಸ್ತಿಲಾಚೆ ತಳ್ಳಿ, ಪೊರಕೆಯನ್ನು ಗೋಡೆಗೆ ಒರಗಿಸಿ, ನೆಲದ ಮೇಲೇ ಬೆನ್ನು ನೆಟ್ಟಗೆ ಮಾಡಿ ಕೂತರು. ಮೇಡಂ ಟ್ರಂಕಿನಿಂದ ಇಳಿದು ಅವರ ಎದುರು ನೆಲಕ್ಕೇ ಕೂತು ಮತ್ತೆ ಹೆಸರು ಕೇಳಿದರು. ಮೊದಲು ಕೆಮ್ಮು ಬಂತು. ಆಮೇಲೆ ಗೊಗ್ಗರು ದನಿಯೊಂದು. ಆಮೇಲೆ, ಆರು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧಕ್ಕೆ ನಿಂತಿತ್ತಲ್ಲ, ಅದೇ ದನಿ.

"ಪ್ರಯಾಣಿಕರ ಗಮನಕ್ಕೆ. ನನ್ನ ಹೆಸರು ಅಂಬುಜಮ್ಮ. ವಯಸ್ಸು ಎಪ್ಪತ್ತಾರು. ಐದನೇ ನಂಬರಿನಲ್ಲಿ ಮೂವತ್ತೊಂದು ವರ್ಷದಿಂದ ಇದ್ದೇನೆ. ನನ್ನ ಜೊತೆಗೆ ಆರನೇ ನಂಬರಿನ ಜುಲೇಖಾ ಇರುತ್ತಾರೆ. ಈ ಗಾಡಿ ಗುಡ್ಡಕ್ಕೆ ಹೋಗುವುದಿಲ್ಲ."

ವಠಾರದ ಅಂಗಳದಲ್ಲಿ ನಿಂತಿದ್ದವರೆಲ್ಲ ಬ್ಯಾಗು ಹಿಡಿದ ಪ್ರಯಾಣಿಕರ ಹಾಗೆ ತಲೆಯೆತ್ತಿ ಕೇಳಿದರು. ನಾನು ಬರೆಯುತ್ತಿದ್ದ ಕಾಗದದ ಮೇಲೆ ನೀರು ಬಿತ್ತು, ಮೇಡಂ ಬೇರೆ ಹಾಳೆ ಕೊಟ್ಟರು. ಸೀಲು ಒತ್ತುವ ಕೆಲಸ ಮರಿಸ್ವಾಮಿಗೆ ಬಿಟ್ಟರು. ಐದು ಇಪ್ಪತ್ತೆರಡಕ್ಕೆ ಮಂಜೂರಾತಿ ರಾಜಧಾನಿಗೆ ಹೋಯಿತು.

ಕಚೇರಿಯ ಮಾಡು ಮಾತ್ರ ಬೇಗ ರಿಪೇರಿಯಾಗಲಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿತ್ತು, ಮೇಡಂ ಹುಡುಕಿ ಹುಡುಕಿ ಸೋರುವ ಜಾಗ ತೋರಿಸುತ್ತಿದ್ದರು. ಎರಡು ವರ್ಷ ನಮ್ಮ ಬೋರ್ಡು ದಿನಕ್ಕೊಂದು ಮನೆಯ ಬಾಗಿಲಲ್ಲಿ ತೂಗಿತು. ಮೇಜನ್ನು ಯಾರೂ ಹೊರಲಿಲ್ಲ. ಮರಿಸ್ವಾಮಿ ಪೊರಕೆ ಮುಟ್ಟುವುದನ್ನೇ ಬಿಟ್ಟ. ಕೊನೆಗೆ ರಾಜಧಾನಿಯವರೇ ಬೇಸತ್ತೋ, ನಾಚಿಯೋ, ಹದಿನಾಲ್ಕನೇ ಕಲಮನ್ನು ತಿದ್ದಿ 'ಕಚೇರಿಯಲ್ಲಿ ಅಥವಾ ಮನೆಯಲ್ಲಿ' ಎಂದು ಸೇರಿಸಿದರು. ಗುಡ್ಡದ ಆಶ್ರಯದಲ್ಲಿ ಈಗ ಹನ್ನೊಂದು ಜನರಿದ್ದಾರೆ, ಅಲ್ಲಿರುವುದೇ ಇಷ್ಟವೆಂದು ಸ್ಲೇಟಿನಲ್ಲಿ ಬರೆದುಕೊಟ್ಟವರು. ಅವರ ಕೈಗೂ ಪೊರಕೆ ಬಂದಿದೆ.

ನಾನು ಆ ಮಂಜೂರಾತಿಯ ಮರುತಿಂಗಳೇ ಲಾಡ್ಜು ಬಿಟ್ಟು ವಠಾರದ ಏಳನೇ ನಂಬರಿಗೆ ಬಂದೆ. ಐವತ್ತೆಂಟು ತುಂಬಿದ ದಿನ ಸಂತೆಬೀದಿಗೆ ಹೋಗಿ ಎರಡು ಪೊರಕೆ ಕೊಂಡೆ. ಗುಡಿಸುವುದನ್ನು ಕಲಿಸಿದವರು ಅಂಬುಜಮ್ಮ, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕೈಸನ್ನೆಯಲ್ಲಿ. ನನ್ನ ಮನೆಯಲ್ಲಿ ಅವರಿಗೆ ದನಿಯಿರಲಿಲ್ಲ, ಆದರೂ ಬೈಗುಳ ಸ್ಪಷ್ಟವಾಗಿ ತಿಳಿಯುತ್ತಿತ್ತು. ಇನ್ನೂ ಒಂಬತ್ತು ವರ್ಷ ಬದುಕಿ, ಒಂದು ಬೆಳಿಗ್ಗೆ ಗುಡಿಸಿ ಮುಗಿಸಿ, ಜುಲೇಖಾಳಿಗೆ ಕಾಫಿಗೆ ಸಕ್ಕರೆ ಸಾಲದು ಎಂದು ಹೇಳಿ ತೀರಿಕೊಂಡರು.

ಹೋದ ತಿಂಗಳು ನನಗೆ ಎಪ್ಪತ್ತು ತುಂಬಿತು. ಅವತ್ತು ಬೆಳಿಗ್ಗೆ ಬದನೆಕಾಯಿಗೆ ಎಷ್ಟು ಎಂದು ಕೇಳಲು ಹೋದೆ, ತುಟಿಯಷ್ಟೇ ಆಡಿತು. ಅಂಗಡಿಯವನು ಅರ್ಥ ಮಾಡಿಕೊಂಡು, ಮನೆಗೇ ತರ್ತೀನಿ ಬಿಡಿ ಎಂದ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಹನ್ನೆರಡು ವರ್ಷದಲ್ಲಿ ಜ್ವರದ ದಿನವೂ ತಪ್ಪಿಸಿರಲಿಲ್ಲ, ಆದರೂ ನನ್ನ ಗುಡಿಸುವಿಕೆ ಗಂಡಸಿನ ಗುಡಿಸುವಿಕೆಯೇ. ಬೇಗ ಬೇಗ ಮನೆಗೆ ಬಂದು ಪೊರಕೆ ಹಿಡಿದೆ. ಮೊಣಕಾಲು ಮೊದಲಿನ ಹಾಗಿಲ್ಲ, ಮಂಚ ಹಿಡಿದು ಹಿಡಿದು ಬಾಗಬೇಕು. ಕಾಯ್ದೆಯ ಪ್ರಕಾರ ಈಗ ನನ್ನನ್ನೂ ನೋಡಿಕೊಳ್ಳುವ ಜುಲೇಖಾ ಬಾಗಿಲಲ್ಲಿ ಬಂದು ನಿಂತಳು. ಅವಳಿಗೂ ತಲೆ ನರೆತಿದೆ. ನಾನು ಗುಡಿಸಿ ಮುಗಿಸುವ ತನಕ ಅವಳು ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದಳು. ಪೊರಕೆ ಒರಗಿಸಿ, ಕೆಮ್ಮಿ, ಬಾಯಿ ತೆರೆದೆ.

"ಕೇಳಿಸ್ತಾ?" ಎಂದೆ.

"ಕೇಳಿಸ್ತು ಶಂಭಣ್ಣ" ಎಂದಳು ಜುಲೇಖಾ, ಕಣ್ಣೊರೆಸಿಕೊಂಡು. "ಮಂಚದ ಕೆಳಗೆ ಇನ್ನೂ ಕಸ ಉಳ್ದಿದೆ ನೋಡಿ."